ನಮ್ಮನೆ ದಾರಂದದ ಮೇಲೆ ಡೆಂಗ್ ಯಾಪಿಂಗ್

2024ರ ಆಗಸ್ಟ್ 4, ಭಾನುವಾರ. ಶಿರಸಿಯಲ್ಲಿ ಮಳೆ. ಶಿರೂರಿನಲ್ಲಿ ಗುಡ್ಡ ಕುಸಿದು ಇನ್ನೂ ಮೂರು ವಾರ ಆಗಿರಲಿಲ್ಲ, ಟಿವಿ ಹಾಕಿದರೆ ಅದೇ ಸುದ್ದಿ, ನೋಡುವುದಕ್ಕೇ ಆಗುತ್ತಿರಲಿಲ್ಲ. ಅದಕ್ಕೇ ಟಿವಿ ಬಂದ್ ಮಾಡಿ ಮಗಳನ್ನು ಹತ್ತಿರ ಕೂರಿಸಿಕೊಂಡು ಮೊಬೈಲ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಟೇಬಲ್ ಟೆನಿಸ್ ಹಾಕಿದೆ.

ಅವಳು ಬ್ಯಾಟ್ ಮುಟ್ಟದೆ ಒಂದು ತಿಂಗಳ ಮೇಲಾಗಿತ್ತು. ಜೂನ್‌ನಲ್ಲಿ ಕಾರವಾರಕ್ಕೆ ಒಂದು ಟೂರ್ನಮೆಂಟ್‌ಗೆ ಕರೆದುಕೊಂಡು ಹೋಗಿದ್ದೆ. ಎರಡನೇ ಸುತ್ತಿನಲ್ಲಿ ಸೋತಳು, ಅದೇನು ದೊಡ್ಡ ವಿಷಯವಲ್ಲ. ವಾಪಸ್ ಹೊರಡುವಾಗ ಅಲ್ಲಿದ್ದ ಒಬ್ಬರು, ಆಟ ಬಲ್ಲವರೇ, "ಕೈ ಚೆನ್ನಾಗಿದೆ ಮೇಡಂ, ಆದ್ರೆ ಹೈಟ್ ಸಾಲಲ್ಲ, ಇದರಲ್ಲಿ ಮುಂದೆ ಹೋಗೋದು ಕಷ್ಟ, ಸುಮ್ನೆ ದುಡ್ಡು ಹಾಳು" ಅಂದರು. ಮಗಳು ನನ್ನ ಪಕ್ಕದಲ್ಲೇ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಳು. ನಾನು "ಹೂಂ ಸರ್" ಅಂದು ಬಂದುಬಿಟ್ಟೆ. ಬಸ್ಸಿನಲ್ಲಿ ಘಟ್ಟ ಹತ್ತುವಷ್ಟು ಹೊತ್ತೂ ಅವಳು ಮಾತಾಡಲಿಲ್ಲ.

ಆ "ಹೂಂ ಸರ್" ನನ್ನನ್ನು ಎಷ್ಟು ಕಾಡಿತು ಅಂದರೆ, ರಾತ್ರಿ ಎಚ್ಚರವಾದರೆ ಅದೇ ನೆನಪು. ಯಾಕೆಂದರೆ ಅವರಿಗೆ ಕೊಡಬೇಕಾದ ಉತ್ತರ ನನಗೆ ಗೊತ್ತಿತ್ತು. ತೊಂಬತ್ತರ ದಶಕದಲ್ಲಿ ಕಾಲೇಜಿನಲ್ಲಿ ಟಿಟಿ ಆಡುತ್ತಿದ್ದವಳು ನಾನು, 21 ಪಾಯಿಂಟಿನ ಗೇಮ್ ಇದ್ದ ಕಾಲ, ಚೆಂಡು ಈಗಿನ 40 ಮಿಲಿಮೀಟರ್ ಅಲ್ಲ, 38. ಆಗ ನಮಗೆಲ್ಲ ಗೊತ್ತಿದ್ದ ಹೆಸರು ಚೀನಾದ ಆಟಗಾರ್ತಿ ಡೆಂಗ್ ಯಾಪಿಂಗ್. ಗೊತ್ತಿದ್ದೂ ಬಾಯಿ ಬರಲಿಲ್ಲ.

ಮೊದಲು ತೋರಿಸಿದ್ದು ನಿ ಶಿಯಾಲಿಯಾನ್ ಆಟ. 61 ವರ್ಷ. ಹುಟ್ಟಿದ್ದು ಚೀನಾದಲ್ಲಿ, 1983ರಲ್ಲಿ ಚೀನಾದ ಪರವಾಗಿ ವಿಶ್ವ ಚಾಂಪಿಯನ್ ಆದವರು, ಈಗ ಆಡುವುದು ಲಕ್ಸೆಂಬರ್ಗ್ ಪರವಾಗಿ. ಪ್ಯಾರಿಸ್‌ನಲ್ಲಿ ಮೊದಲ ಸುತ್ತು ಗೆದ್ದು, ಮುಂದಿನದರಲ್ಲಿ ಜಗತ್ತಿನ ನಂಬರ್ ಒನ್ ಸುನ್ ಯಿಂಗ್ಶಾ ಎದುರು ನಿಂತಿದ್ದರು. ಎದುರಿನವಳಿಗೆ 23.

"ಈ ಅಜ್ಜಿ ಗೆಲ್ತಾ ಆಯಿ?"

ಗೆಲ್ಲಲಿಲ್ಲ. ನಾಲ್ಕೂ ಗೇಮ್ ಸೋತರು. ಆದರೆ ಮೂರನೆಯದು 11-13. ಆ ಗೇಮನ್ನು ನಾವು ಎರಡು ಸಲ ನೋಡಿದೆವು. ಎಡಗೈ, ಪೆನ್ನು ಹಿಡಿದ ಹಾಗೆ ಬ್ಯಾಟ್ ಹಿಡಿತ, ಜಾಸ್ತಿ ಓಡಾಟ ಇಲ್ಲ. ಚೆಂಡು ಬರುವ ಜಾಗದಲ್ಲಿ ಮೊದಲೇ ಇರುತ್ತಾರೆ, ಅಷ್ಟೇ. ಆಗಾಗ ಬೆರಳಲ್ಲೇ ಬ್ಯಾಟ್ ತಿರುಗಿಸುತ್ತಾರೆ, ಒಂದು ಕಡೆ ನುಣುಪು ರಬ್ಬರ್, ಇನ್ನೊಂದು ಕಡೆ ಉದ್ದ ಪಿಂಪಲ್ಸ್, ಅಂದರೆ ಸಣ್ಣ ಸಣ್ಣ ಮೊನೆಗಳು ಎದ್ದಿರುವ ರಬ್ಬರ್. ನುಣುಪು ರಬ್ಬರ್ ಚೆಂಡನ್ನು ಹಿಡಿದು ತಿರುಗಿಸುತ್ತದೆ. ಪಿಂಪಲ್ಸ್ ಹಿಡಿಯುವುದಿಲ್ಲ, ಬಾಗಿಬಿಡುತ್ತದೆ. ಎದುರಿನವರು ಹಾಕಿದ ಸ್ಪಿನ್ ಅವರಿಗೇ ಉಲ್ಟಾ ಆಗಿ ವಾಪಸ್ ಹೋಗುತ್ತದೆ. ಮಗಳು ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಹತ್ತಿರ ಹಿಡಿದು ನೋಡತೊಡಗಿದಳು. ಅವಳು ಅದರಲ್ಲಿ ಮುಳುಗಿದ್ದು ನೋಡಿ ನನಗೆ ಗಂಟಲು ಕಟ್ಟಿತು.

ಆಮೇಲೆ ಹೇಳಿದೆ. ಜೂನ್‌ನಲ್ಲೇ ಹೇಳಬೇಕಿದ್ದದ್ದು.

ಡೆಂಗ್ ಯಾಪಿಂಗ್ ಚಿಕ್ಕವಳಿದ್ದಾಗ ಅವಳ ಪ್ರಾಂತ್ಯದ ತಂಡದವರು ಕುಳ್ಳಿ ಅಂತ ಸೇರಿಸಿಕೊಳ್ಳಲಿಲ್ಲ. ದೊಡ್ಡವಳಾದ ಮೇಲೂ ಅವಳ ಎತ್ತರ 150 ಸೆಂಟಿಮೀಟರ್ ಅಷ್ಟೇ. 16ನೇ ವಯಸ್ಸಿಗೆ ಡಬಲ್ಸ್‌ನಲ್ಲಿ ವಿಶ್ವ ಚಾಂಪಿಯನ್, ಸಿಂಗಲ್ಸ್‌ನಲ್ಲಿ 1991, 1995, 1997. ಒಲಿಂಪಿಕ್ಸ್‌ನಲ್ಲಿ ಬಾರ್ಸಿಲೋನಾ ಎರಡು ಚಿನ್ನ, ಅಟ್ಲಾಂಟಾ ಎರಡು ಚಿನ್ನ. ಟೇಬಲ್ಲಿಗೆ ಅಂಟಿಕೊಂಡೇ ನಿಂತು, ಚೆಂಡು ಪುಟಿದು ಮೇಲೇಳುವ ಹೊತ್ತಿಗೇ ಹೊಡೆದು ಕಳಿಸುತ್ತಿದ್ದಳು. ಹಿಂದೆ ನಿಂತರೆ ಕೈ ಸಾಲದು, ಅದಕ್ಕೆ ಹಿಂದೆ ನಿಲ್ಲುವುದನ್ನೇ ಬಿಟ್ಟಳು. ಎದುರಿನವರಿಗೆ ಯೋಚನೆ ಮಾಡಲೂ ಸಮಯ ಸಿಗುತ್ತಿರಲಿಲ್ಲ.

ಹೇಳುತ್ತಾ ಹೋದ ಹಾಗೆ ಎಷ್ಟೆಲ್ಲ ನೆನಪಾಯಿತು. ಸ್ವೀಡನ್‌ನ ಯಾನ್ ಊವೆ ವಾಲ್ಡ್ನರ್, 1992ರ ಒಲಿಂಪಿಕ್ ಚಿನ್ನ ಗೆದ್ದವನು, 2004ರ ಅಥೆನ್ಸ್‌ನಲ್ಲಿ 38ನೇ ವಯಸ್ಸಿಗೆ ಚೀನಾದ ಮಾ ಲಿನ್‌ನನ್ನೂ ಜರ್ಮನಿಯ ಟಿಮೋ ಬೋಲ್‌ನನ್ನೂ ಸೋಲಿಸಿ ಸೆಮಿಫೈನಲ್ ತಲುಪಿದ. ಈಜಿಪ್ಟಿನ ಇಬ್ರಾಹಿಂ ಹಮಾದ್ತು ಚಿಕ್ಕಂದಿನಲ್ಲಿ ರೈಲು ಅಪಘಾತದಲ್ಲಿ ಎರಡೂ ಕೈ ಕಳೆದುಕೊಂಡವರು, ಬಾಯಲ್ಲಿ ಬ್ಯಾಟ್ ಕಚ್ಚಿ, ಕಾಲ್ಬೆರಳಲ್ಲಿ ಚೆಂಡು ಎತ್ತಿ ಸರ್ವಿಸ್ ಮಾಡುತ್ತಾರೆ, ರಿಯೋ ಮತ್ತು ಟೋಕಿಯೊ ಪ್ಯಾರಾಲಿಂಪಿಕ್ಸ್ ಆಡಿದ್ದಾರೆ. ಅವರ ವಿಡಿಯೋ ಹಾಕಿದೆ. ಮಗಳು ಪೂರ್ತಿ ನೋಡಿದಳು, ಏನೂ ಹೇಳಲಿಲ್ಲ. ಎದ್ದು ಹೋದಳು.

ನಾನು ಅಡಿಗೆ ಮನೆಗೆ ಹೋಗಿದ್ದೆ. ಜಗುಲಿಯಿಂದ ಧಡ್ ಅಂತ ಸದ್ದು. ನಮ್ಮನೆ ಟೇಬಲ್ ಅಂದರೆ ಎರಡು ಬೆಂಚಿನ ಮೇಲೆ ಒಂದು ಪ್ಲೈವುಡ್ ಶೀಟ್, 8 ಅಡಿಗೆ 4 ಅಡಿ. ಸರಿಯಾದ ಟೇಬಲ್ 9 ಅಡಿಗೆ 5 ಅಡಿ ಇರಬೇಕು. ನೆಟ್ಟಿಗೆ ಅಡಿಕೆ ಸಸಿಗಳಿಗೆ ಕಟ್ಟಿ ಉಳಿದ ಹಸಿರು ನೆರಳು ಪರದೆ ಕತ್ತರಿಸಿ ಕಟ್ಟಿದ್ದೇವೆ. ಮಳೆಗಾಲದಲ್ಲಿ ಅದರ ಮೇಲೆ ಹಾಳೆ, ಚೀಲ, ಒದ್ದೆ ಬಟ್ಟೆ ಎಲ್ಲ ಬಂದು ಕೂರುತ್ತದೆ. ಅದನ್ನೆಲ್ಲ ಅವಳು ಒಬ್ಬಳೇ ಕೆಳಗೆ ಇಳಿಸುತ್ತಿದ್ದಳು.

ನನ್ನ ಹಳೇ ಬ್ಯಾಟ್ ತಂದೆ, ಅದರಲ್ಲೂ ಒಂದು ಕಡೆ ಪಿಂಪಲ್ಸ್ ಇದೆ. ನಮ್ಮ ಕಡೆ ಆಗಸ್ಟ್‌ನಲ್ಲಿ ಗಾಳಿಯಲ್ಲೇ ನೀರು. ನುಣುಪು ರಬ್ಬರ್ ಮೇಲೆ ತೆಳುವಾಗಿ ತೇವ ಕೂತು ಚೆಂಡು ಜಾರುತ್ತದೆ, ಎಷ್ಟು ಉಜ್ಜಿದರೂ ಸ್ಪಿನ್ ಹತ್ತುವುದಿಲ್ಲ. ಪಿಂಪಲ್ಸ್‌ಗೆ ಆ ತೊಂದರೆ ಕಡಿಮೆ. ಮೊದಲ ಗೇಮ್ ನಾನು 11-6. ಅವಳ ಚೆಂಡೆಲ್ಲ ನೆಟ್ಟಿಗೆ. ಸಿಟ್ಟು ಬಂತು. ಪ್ರತಿ ಪಾಯಿಂಟಿಗೂ ಬ್ಯಾಟನ್ನು ಫ್ರಾಕಿಗೆ ಒರೆಸಿಕೊಳ್ಳುತ್ತಿದ್ದಳು. ಬಚ್ಚಲ ಒಲೆ ಹತ್ತಿರ ಒಣಗಿಸಿ ತರುತ್ತೇನೆ ಅಂದಳು, ಬೇಡ, ಅಂಟು ಬಿಡುತ್ತೆ ಅಂದೆ. ಎರಡನೇ ಗೇಮಿನ ನಡುವೆ ಒಂದು ಹೆಜ್ಜೆ ಮುಂದೆ ಬಂದು ನಿಂತಳು. ಪ್ಲೈವುಡ್ ಅಂಚು ಹೊಟ್ಟೆಗೆ ತಾಗುವಷ್ಟು ಹತ್ತಿರ. ಸ್ಪಿನ್ ಹಾಕುವುದನ್ನು ಬಿಟ್ಟು, ಚೆಂಡು ಏಳುತ್ತಿದ್ದ ಹಾಗೇ ನೇರ ತಟ್ಟಿದಳು. ಟಪ್. ನನ್ನ ಕೈ ಎದ್ದೇ ಇರಲಿಲ್ಲ. ಮತ್ತೆ ಅದೇ. ಆ ಗೇಮ್ ಅವಳದು, ಮೂರನೆಯದೂ ಅವಳದೇ.

"ಎಂತ ಆತೇ ಕೂಸೆ?" ಅಂತ ಅವಳ ಅಜ್ಜ ಕವಳ ಹಾಕಿಕೊಂಡು ಬಾಗಿಲಿಗೆ ಬಂದರು. ಆಮೇಲೆ ಅಲ್ಲೇ ಸ್ಟೂಲ್ ಹಾಕಿ ಕೂತರು.

ಸಂಜೆ ಪುರುಷರ ಫೈನಲ್ ಇತ್ತು, ಫಾನ್ ಝೆಂಡಾಂಗ್ ಗೆದ್ದ. ಸೋತ ಮೋರ್‌ಗಾರ್ಡ್‌ನ ಕೈಯಲ್ಲಿದ್ದದ್ದು ಆರು ಮೂಲೆಯ ಬ್ಯಾಟ್, ಅಜ್ಜನಿಗೆ ಅದೇ ದೊಡ್ಡ ಆಶ್ಚರ್ಯ. ಪಂದ್ಯದ ನಡುವೆ ಮಗಳು ಬಡಗಿ ಟೇಪ್ ಹುಡುಕಿ ತಂದಳು. ಪ್ರತಿ ವರ್ಷ ಹುಟ್ಟುಹಬ್ಬಕ್ಕೆ ಅವಳ ಎತ್ತರ ಗುರುತು ಮಾಡುವ ದಾರಂದದ ಹತ್ತಿರ ಹೋಗಿ ಬೆನ್ನು ಕೊಟ್ಟು ನಿಂತು, "ಆಯಿ, ಅಳತೆ ಮಾಡು" ಅಂದಳು. 146. ಪೆನ್ಸಿಲ್ ನನ್ನ ಕೈಯಿಂದ ತೆಗೆದುಕೊಂಡು, ಅದರ ಮೇಲೆ ನಾಲ್ಕು ಸೆಂಟಿಮೀಟರ್ ಲೆಕ್ಕ ಹಾಕಿ ಇನ್ನೊಂದು ಗೆರೆ ಎಳೆದಳು. ಪಕ್ಕದಲ್ಲಿ ಡೆಂಗ್ ಅಂತ ಬರೆದು, ನೆಟ್ ಬಿಗಿ ಮಾಡೋಕೆ ಹಗ್ಗ ಎಲ್ಲಿದೆ ಅಂತ ಕೇಳಿದಳು.