ಏಲಿ ಕರೆದನೆಂದು ಎದ್ದ ಹುಡುಗ

ಪುಣೆ, ಜುಲೈ 15, 2025, ಮಂಗಳವಾರ

ಭಾನುವಾರದ ಕನ್ನಡ ಆರಾಧನೆಯಲ್ಲಿ ಪಾಸ್ಟರ್ ಬೈಬಲಿನ ಒಂದನೇ ಸಮುವೇಲನ ಮೂರನೇ ಅಧ್ಯಾಯ ತೆಗೆದುಕೊಂಡಿದ್ದರು, ಮುದಿ ಯಾಜಕ ಏಲಿಯ ಕೈಕೆಳಗೆ ದೇವಾಲಯದಲ್ಲಿ ಸೇವೆಗಿದ್ದ ಹುಡುಗ ಸಮುವೇಲನ ಕಥೆ. ಸಂಡೇ ಸ್ಕೂಲಿನಿಂದಲೂ ಕೇಳಿದ್ದೇ, ಆದರೂ ತಲೆಯಿಂದ ಹೋಗುತ್ತಿಲ್ಲ. ರಾತ್ರಿ ಮಲಗಿದ್ದಾಗ ದೇವರು ಹೆಸರು ಹಿಡಿದು ಕರೆದರೆ ಸಮುವೇಲನಿಗೆ ಅದು ದೇವರ ದನಿ ಅನ್ನಿಸಲೇ ಇಲ್ಲ. ಏಲಿಗೆ ಕಣ್ಣು ಮಬ್ಬಾಗಿತ್ತು. ಅಜ್ಜನಿಗೆ ರಾತ್ರಿಹೊತ್ತು ಏನೋ ಬೇಕಾಗಿರಬೇಕು ಎಂದುಕೊಂಡನೋ ಏನೋ, ಹುಡುಗ ಎದ್ದು ಓಡಿದ. "ಇಗೋ, ಇದ್ದೇನೆ" ಅಂದ. ನಾನು ಕರೆಯಲಿಲ್ಲ, ಹೋಗಿ ಮಲಗು ಅಂದರೂ ಮತ್ತೆ ಎದ್ದ, ಮೂರನೇ ಸಲವೂ ಎದ್ದ. ಪ್ರಸಂಗಗಳಲ್ಲಿ ನಾಲ್ಕನೇ ಸಲ ದೇವರಿಗೆ ಕೊಟ್ಟ "ನಿನ್ನ ದಾಸನು ಕೇಳುತ್ತಿದ್ದಾನೆ" ಅನ್ನುವ ಉತ್ತರಕ್ಕೇ ಒತ್ತು. ನನಗೆ ಮೊದಲ ಮೂರು ಸಲವೇ ದೊಡ್ಡದಾಗಿ ಕಾಣುತ್ತದೆ. ಕಣ್ಣು ಕಾಣದ ಮುದುಕನ ಕೂಗಿಗೆ ನಿದ್ದೆಗಣ್ಣಲ್ಲಿ ಏಳುವ ರೂಢಿ ಇದ್ದವನಿಗೆ ದೇವರ ಕೂಗಿಗೂ ಏಳಲು ಬಂತು.

ಮೋಶೆಯೂ ಅಷ್ಟೆ, ದೇವರು ಕರೆದಾಗ ಮಾವನ ಕುರಿ ಕಾಯುತ್ತಿದ್ದ. ಯೇಸು ಕರೆದಾಗ ಶಿಷ್ಯ ಮತ್ತಾಯ ಸುಂಕದ ಕಟ್ಟೆಯಲ್ಲಿ ಕೂತಿದ್ದ.

ಈ ಊರಿನಲ್ಲಿದ್ದು ಪಂಡಿತಾ ರಮಾಬಾಯಿಯವರನ್ನು ನೆನೆಯದೆ ಹೇಗಿರಲಿ? 1858ರಲ್ಲಿ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಬರಗಾಲದ ವರ್ಷಗಳಲ್ಲಿ ಅಪ್ಪ, ಅವ್ವ, ಅಕ್ಕ ಮೂವರನ್ನೂ ಕಳೆದುಕೊಂಡವರು. 1896ರಲ್ಲಿ ಮಧ್ಯಪ್ರಾಂತ್ಯದ ಬರದ ಸುದ್ದಿ ಬಂದಾಗ ಪುಣೆಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಎಂಬ ಶಾಲೆ ನಡೆಸುತ್ತಿದ್ದರು, ಕೈತುಂಬ ಕೆಲಸವಿತ್ತು. ಆದರೆ ಹಸಿವು ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೊರಟೇಬಿಟ್ಟರು. ಅಲ್ಲಿಂದ ಕರೆತಂದ ಹೆಣ್ಣುಮಕ್ಕಳಿಂದಲೇ ದಿಕ್ಕಿಲ್ಲದ ಹೆಂಗಸರಿಗೆ ಆಶ್ರಯವಾದ ಕೇಡಗಾಂವದ ಮುಕ್ತಿ ಮಿಷನ್ ಬೆಳೆಯಿತು. ದೌಂಡ್ ಕಡೆಗೆ ಹೋಗುವ ರೈಲುದಾರಿಯಲ್ಲೇ ಸಿಗುವ ಊರು. ನಾವೇ ಒಮ್ಮೆ ನೊಂದ ಜಾಗದಿಂದ ದೇವರು ಹೆಚ್ಚಾಗಿ ಕರೆಯುತ್ತಾನೆ ಅಂತ ನನ್ನ ನಂಬಿಕೆ.

ಮದುವೆಯಾಗಿ ಧಾರವಾಡದಿಂದ ಬಂದ ಹೊಸದರಲ್ಲಿ ಮರಾಠಿ ಬಾರದೆ ನಾನು ಎಷ್ಟು ಕೌಂಟರುಗಳ ಮುಂದೆ ಸುಮ್ಮನೆ ನಿಂತಿದ್ದೇನೋ. ಇವತ್ತು ಅತ್ತೆಯವರ ರಿಪೋರ್ಟ್ ತರಲು ಆಸ್ಪತ್ರೆಗೆ ಹೋಗಿದ್ದೆ. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಹಿಂದಿನಿಂದ ಒಬ್ಬಾಕೆ ಸೆರಗು ಜಗ್ಗಿದಳು. "ಅಕ್ಕಾರ, ನೀವು ನಮ್ ಕಡೇವ್ರೇನ್ರಿ?"

"ಹೌದವ್ವಾ, ಏನಾಗ್ಬೇಕು?"

ಕಲಬುರಗಿ ಕಡೆಯವಳು, ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದಿದ್ದಾಳೆ. ಕೈಯಲ್ಲಿ ಬೆವರಿಗೆ ಮೆತ್ತಗಾದ ಕೇಸ್ ಪೇಪರು, ಗುಳಿಗೆಯ ಪೊಟ್ಟಣಗಳು. ಎಕ್ಸ್‌ರೇ ಎಲ್ಲಿ ತೆಗೆಸಬೇಕು, ಗುಳಿಗೆ ಉಂಡ ಮೇಲೋ ಮೊದಲೋ, ಯಾವುದೂ ತಿಳಿದಿರಲಿಲ್ಲ. ಔಷಧಿ ಕಿಟಕಿಯಲ್ಲಿ ಕೇಳಿ ತಿಳಿದುಕೊಂಡೆ. ಅವಳಿಗೆ ಓದಲು ಬಾರದು, ಅದಕ್ಕೆ ಬೆಳಗಿನ ಪೊಟ್ಟಣದ ಮೇಲೆ ಸೂರ್ಯ, ರಾತ್ರಿಯದರ ಮೇಲೆ ಚಂದ್ರ, ಉಂಡ ಮೇಲೆ ಅನ್ನುವುದಕ್ಕೆ ಒಂದು ರೊಟ್ಟಿ ಬರೆದುಕೊಟ್ಟೆ. ಒಂದೊಂದರ ಮೇಲೂ ಬೆರಳಿಟ್ಟು ನನಗೆ ತಿರುಗಿ ಒಪ್ಪಿಸಿದಳು. ಎಕ್ಸ್‌ರೇ ಮುಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ದೇವರು ಇವತ್ತು ನನ್ನನ್ನು ಕರೆದದ್ದು ಹಾಗೆ, ಸೆರಗು ಜಗ್ಗಿ. ಇದರಲ್ಲಿ ನನಗೆ ಸಂಶಯವಿಲ್ಲ.

ಶುಕ್ರವಾರ ಡಾಕ್ಟರು ಮತ್ತೆ ಬರಹೇಳಿದ್ದಾರಂತೆ. "ನೀವೂ ಬರ್ತೀರೇನ್ರೀ?" ಅಂದಳು. ಬರ್ತೀನಿ ಅಂದೆ, ಅರ್ಧ ದಿನ ರಜೆ ಕೇಳಿದ್ದೂ ಆಯಿತು. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯಲ್ಲಿ ಮರಾಠಿ ಚೆನ್ನಾಗಿ ಬಲ್ಲವರನ್ನು ಕೇಳಬೇಕು. ಒಬ್ಬೊಬ್ಬರು ವಾರಕ್ಕೊಂದು ಬೆಳಿಗ್ಗೆ ಕೊಟ್ಟರೂ ಆ ಔಷಧಿ ಕಿಟಕಿಯ ಹತ್ತಿರ ಕನ್ನಡ ಬಲ್ಲ ಒಬ್ಬರು ನಿಲ್ಲುವಂತಾಗುತ್ತದೆ.