ಮೊದಲು ಬಿಸಿ, ಆಮೇಲೆ ಲೈಟು: ದಾವಣಗೆರೆಯಲ್ಲಿ ಉಪ್ಪುನೀರಿನ ಟ್ಯಾಂಕ್

ಪಿ.ಬಿ. ರಸ್ತೆಯ ನನ್ನ ಅಂಗಡಿಗೆ ಮೋಟಾರ್ ವೈಂಡಿಂಗ್ ಮಾಡಿಸಲು ಬರುವವರು ಮೂಲೆಯ ಮೀನಿನ ಟ್ಯಾಂಕ್ ನೋಡಿದ ಕೂಡಲೇ ಕೇಳುವುದು ಒಂದೇ: "ಅಣ್ಣಾ, ಇದಕ್ಕೆ ಯಾವ ಲೈಟ್ ಹಾಕೀರಿ?" ನೀಲಿ ಬೆಳಕಲ್ಲಿ ಹೊಳೆಯುವ ಹವಳದ ವಿಡಿಯೋ ನೋಡಿ ಬಂದಿರುತ್ತಾರೆ. ಲೈಟ್ ಕೊನೆಗೆ ತಗೊಳ್ಳಿ ಅನ್ನುತ್ತೇನೆ ನಾನು. ನಮ್ಮೂರಲ್ಲಿ ಉಪ್ಪುನೀರಿನ ಮೀನು ಸಾಕಬೇಕು ಅಂದರೆ ಮೊದಲು ಬಿಸಿಯ ಲೆಕ್ಕ, ಆಮೇಲೆ ಕರೆಂಟಿನ ಲೆಕ್ಕ.

ಆ ಜೋರು ನೀಲಿ ಲೈಟ್ ಬೇಕಾಗಿರುವುದು ಹವಳಕ್ಕೆ, ಮೀನಿಗಲ್ಲ. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಅದು ಬೆಳಕಿನಿಂದ ಆಹಾರ ಮಾಡಿ ಹವಳಕ್ಕೂ ಕೊಡುತ್ತದೆ. ಸಮುದ್ರದಲ್ಲಿ ಕೆಂಪು ಬೆಳಕು ಮೇಲಿನ ಕೆಲವೇ ಮೀಟರಿನಲ್ಲಿ ಮುಗಿದುಹೋಗುತ್ತದೆ, ನೀಲಿ ಆಳಕ್ಕೆ ಇಳಿಯುತ್ತದೆ. ಅದಕ್ಕೇ ಹವಳದ ಲೈಟುಗಳಲ್ಲಿ 450 ನ್ಯಾನೋಮೀಟರ್ ಆಸುಪಾಸಿನ ಎಲ್‌ಇಡಿಗಳೇ ಜಾಸ್ತಿ. ನಾನು ಹವಳ ಇಟ್ಟಿಲ್ಲ. ರೀಫ್ ಅಂದರೆ ಹವಳದ ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಷೆಡ್ಯೂಲಿನಲ್ಲಿವೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಕಡಲಿಂದ ಕಿತ್ತು ತಂದದ್ದನ್ನು ದುಡ್ಡು ಕೊಟ್ಟು ಮನೆಗೆ ತರಲು ನನಗೆ ಮನಸ್ಸು ಬರುವುದಿಲ್ಲ. ಕಿತ್ತಳೆ ಮೈ, ಬಿಳಿ ಪಟ್ಟೆಯ ಕ್ಲೌನ್ ಮೀನಿನ ಮಾತು ಬೇರೆ. ಅದನ್ನು ಹ್ಯಾಚರಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದಲ್ಲೇ ಮಾಡಿ ತೋರಿಸಿದ್ದಾರೆ. ನನ್ನಲ್ಲಿರುವ ಜೋಡಿ ಹ್ಯಾಚರಿಯದ್ದೇ. ಅವಕ್ಕೆ 15 ವ್ಯಾಟಿನ ಬಿಳಿ-ನೀಲಿ ಎಲ್‌ಇಡಿ ಸಾಕು. ಟೈಮರ್ ಹಾಕಿ ದಿನಕ್ಕೆ 8 ಗಂಟೆ ಉರಿಸುತ್ತೇನೆ. ಅದಕ್ಕಿಂತ ಜಾಸ್ತಿ ಉರಿಸಿದರೆ ಗಾಜಿನ ಮೇಲೆ ಪಾಚಿ ಬೆಳೆಯುತ್ತದೆ, ಅಷ್ಟೇ.

ಫಿಲ್ಟರ್ ವಿಷಯಕ್ಕೆ ಬರೋಣ. ದುಡ್ಡು ಹಾಕಬೇಕಾದದ್ದು ಇಲ್ಲಿ. ನನ್ನ ಟ್ಯಾಂಕ್ 60 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರ. ಲೆಕ್ಕಕ್ಕೆ 96 ಲೀಟರ್, ಕಲ್ಲು-ಮರಳು ಕಳೆದರೆ 80ರ ಹತ್ತಿರ. ಇಷ್ಟು ಸಣ್ಣ ನೀರಲ್ಲಿ ನಿಜವಾದ ಫಿಲ್ಟರ್ ಅಂದರೆ ತೂತುತೂತಾದ ಒಣ ಕಲ್ಲು ಮತ್ತು ಅದರಲ್ಲಿ ಮನೆ ಮಾಡುವ ಬ್ಯಾಕ್ಟೀರಿಯಾ. ಮೀನಿನ ಗಲೀಜಿನಿಂದ ಬರುವ ಅಮೋನಿಯವನ್ನು ಅವು ನೈಟ್ರೈಟ್ ಮಾಡುತ್ತವೆ, ಅದನ್ನು ನೈಟ್ರೇಟ್ ಮಾಡುತ್ತವೆ. ಮೊದಲ ಎರಡೂ ಮೀನಿಗೆ ವಿಷ. ಬ್ಯಾಕ್ಟೀರಿಯಾ ಕೂರಲು ವಾರಗಳೇ ಬೇಕು. ಅಲ್ಲಿವರೆಗೆ ಮೀನು ಬಿಡಬಾರದು, ಎಷ್ಟೇ ಆಸೆಯಾದರೂ.

ಹೊರಗಿನ ಫಿಲ್ಟರ್ ಪೆಟ್ಟಿಗೆಗೆ ಉಳಿಯುವ ಕೆಲಸ ನೀರು ಓಡಿಸುವುದು, ಕಸ ಹಿಡಿಯುವುದು. ನಾನು ಆರಿಸಿದ್ದು ಟ್ಯಾಂಕಿನ ಹಿಂದೆ ನೇತುಹಾಕುವ ಫಿಲ್ಟರ್. ಕ್ಯಾನಿಸ್ಟರ್ ಅನ್ನುವ ಇನ್ನೊಂದು ಬಗೆಯ ಫಿಲ್ಟರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಅದು ಮುಚ್ಚಿದ ಡಬ್ಬ. ಕರೆಂಟ್ ಹೋಗಿ ಗಂಟೆಗಟ್ಟಲೆ ಬಾರದಿದ್ದರೆ ಒಳಗಿನ ಆಮ್ಲಜನಕ ಖಾಲಿಯಾಗಿ ಬ್ಯಾಕ್ಟೀರಿಯಾ ಸಾಯುತ್ತವೆ. ಕರೆಂಟ್ ಬಂದ ಕೂಡಲೇ ಆ ಕೊಳೆ ನೀರೆಲ್ಲ ಮೀನಿನ ಮೇಲೆ ಬೀಳುತ್ತದೆ. ತೆರೆದ ಫಿಲ್ಟರಿನಲ್ಲಿ ಈ ಭಯ ಕಡಿಮೆ. ಅದರೊಳಗಿನ ಹತ್ತಿಯಂಥ ಫ್ಲಾಸನ್ನು ವಾರಕ್ಕೆ ಎರಡು ಸಲ ತೊಳೆಯಲೇಬೇಕು. ಬಿಟ್ಟರೆ ಹಿಡಿದ ಕಸ ಅಲ್ಲೇ ಕೊಳೆತು ನೈಟ್ರೇಟ್ ಏರುತ್ತದೆ.

ಗುಳ್ಳೆ ಎಬ್ಬಿಸಿ ಗಲೀಜು ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಬೇಕಾ? ಉಪ್ಪುನೀರಲ್ಲಿ ಗುಳ್ಳೆ ಸಣ್ಣದಾಗಿ, ಒಡೆಯದೆ ಉಳಿಯುತ್ತದೆ. ಕೊಳೆಯುವ ಮೊದಲೇ ಗಲೀಜು ಅದಕ್ಕೆ ಅಂಟಿ ನೊರೆಯಾಗಿ ಹೊರಬರುತ್ತದೆ. ಒಳ್ಳೇ ಯಂತ್ರವೇ. ಆದರೆ ಎರಡು ಮೂರು ಮೀನಿಗೆ ವಾರಕ್ಕೆ 10 ಲೀಟರ್ ನೀರು ಬದಲಿಸಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಆರ್‌ಒ ನೀರು, ಅದಕ್ಕೆ ಅಕ್ವೇರಿಯಂ ಉಪ್ಪು. ಅಡುಗೆ ಉಪ್ಪು ಬೇಡವೇ ಬೇಡ.

ಸ್ಕಿಮ್ಮರ್ ಬೇಡ ಅನ್ನಲು ಇನ್ನೊಂದು ಕಾರಣ ಬಿಸಿ. ನೀರೊಳಗೆ ಮುಳುಗಿರುವ ಪಂಪ್ ಎಳೆಯುವ ಕರೆಂಟೆಲ್ಲ ಹೆಚ್ಚುಕಡಿಮೆ ಆ ನೀರಿಗೇ ಬಿಸಿಯಾಗಿ ಇಳಿಯುತ್ತದೆ. ಅದಕ್ಕೇ ಪಂಪ್ ಕೊಳ್ಳುವಾಗ ಲೀಟರ್ ಎಷ್ಟು ಅಂತ ನೋಡುವ ಹಾಗೆ ವ್ಯಾಟ್ ಎಷ್ಟು ಅಂತಲೂ ನೋಡಿ. ಕ್ಲೌನ್ ಮೀನಿಗೆ ಹಿತ 24ರಿಂದ 27 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಶೀಟಿನ ಅಂಗಡಿ ಹೇಗಿರುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ? ನೀರು ತಣ್ಣಗೆ ಮಾಡುವ ಯಂತ್ರ ಚಿಲ್ಲರ್‌ಗೆ ಸಿಕ್ಕಾಪಟ್ಟೆ ಖರ್ಚು. ಇಲ್ಲಿ ನಮ್ಮ ಒಣ ಹವೆ ನಮಗೆ ಸಹಾಯ ಮಾಡುತ್ತದೆ. ನೀರಿನ ಮೇಲೆ ಹಾಯುವ ಹಾಗೆ ಸಣ್ಣ ಫ್ಯಾನ್ ಇಟ್ಟರೆ ನೀರು ಆವಿಯಾಗುತ್ತಾ ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಇಷ್ಟು ಲಾಭ ಸಿಗುವುದಿಲ್ಲ. ಇದಕ್ಕಾಗಿಯೇ ಗಾಜಿನ ಮುಚ್ಚಳ ತೆಗೆದು ಬಲೆ ಹಾಕಿದ್ದೇನೆ, ಮೀನು ಹೊರಗೆ ಹಾರಬಾರದಲ್ಲ. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಹಾಗಾಗಿ ಇಳಿದಷ್ಟು ಸಿಹಿನೀರನ್ನು ದಿನಾ ಬೆಳಿಗ್ಗೆ ತುಂಬುತ್ತೇನೆ, ಸಾಂದ್ರತೆ (ಸಿಹಿನೀರು 1 ಅಂತ ಇಟ್ಟುಕೊಂಡರೆ) 1.025 ದಾಟದ ಹಾಗೆ.

ಕರೆಂಟಿನ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಬಿಸಿಯಾದ ಉಪ್ಪುನೀರಲ್ಲಿ ಆಮ್ಲಜನಕ ಮೊದಲೇ ಕಡಿಮೆ, ಹಾಗಾಗಿ ಕರೆಂಟ್ ಹೋದಾಗ ನೀರಿಗೆ ಗಾಳಿ ಊದಲು ಬ್ಯಾಟರಿ ಏರ್ ಪಂಪ್ ಸದಾ ಸಿದ್ಧ ಇರಬೇಕು. ಉಪ್ಪುನೀರಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಅರ್ತಿಂಗ್ ಸರಿ ಇರಲಿ, ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಸ್ವಿಚ್ ಕಡ್ಡಾಯ. ವೈರ್ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಬೇಕು. ಆಗ ಇಳಿದ ಹನಿ ನೆಲಕ್ಕೆ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಲೈಟಿನ ಅಡಾಪ್ಟರನ್ನು ಟ್ಯಾಂಕಿನಿಂದ ದೂರ ಇಡಿ. ಗುಳ್ಳೆ ಸಿಡಿದು ಹಾರುವ ಉಪ್ಪು ತಾಮ್ರದ ತುದಿಗಳನ್ನು ಕೆಲವೇ ತಿಂಗಳಲ್ಲಿ ಹಸಿರು ಮಾಡಿ ತಿನ್ನುತ್ತದೆ. ಇನ್ನು ನೀರಿಗೆ ಕೈ ಹಾಕುವ ಮುಂಚೆ, ಪ್ರತಿ ಸಲವೂ, ಸ್ವಿಚ್ ಆಫ್ ಮಾಡಿ.