ಸಾಂಬ್ರಾದಲ್ಲಿ ಅವ್ವನೊಂದಿಗೆ ಕಾದ ಎರಡೂವರೆ ತಾಸು

ತಂಗಿಯ ಬಾಣಂತನಕ್ಕೆಂದು ಅವ್ವನನ್ನು ಬೆಳಗಾವಿಯಿಂದ ಬೆಂಗಳೂರಿಗೆ ಕರೆದೊಯ್ಯಬೇಕಿತ್ತು. ಮೊಣಕಾಲು ನೋವು, ಇಡೀ ರಾತ್ರಿ ಬಸ್ಸಿನಲ್ಲಿ ಕೂರಲಾರಳು. ತಿಂಗಳ ಮೊದಲೇ ನೋಡಿದ್ದರಿಂದ ವಿಮಾನದ ಟಿಕೆಟ್ ಕೈಗೆಟುಕುವ ದರಕ್ಕೆ ಸಿಕ್ಕಿತು. ಲಗೇಜು 15 ಕಿಲೋ, ಕೈಚೀಲ 7 ಕಿಲೋ. ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಬೇಗ ಹೊತ್ತಿಕೊಳ್ಳುತ್ತದೆಂದು ವಿಮಾನದಲ್ಲಿ ಅದಕ್ಕೆ ನಿರ್ಬಂಧವಿದೆ. ಕೊಬ್ಬರಿ ಬಟ್ಟಲುಗಳನ್ನು ಹಾಗೇ ಒಯ್ಯುವಂತಿಲ್ಲ ಎಂದಾಗ ಅವ್ವ ರಾತ್ರಿಯೇ ಎಲ್ಲವನ್ನೂ ತುರಿದು ಅಂಟಿನ ಉಂಡೆ ಕಟ್ಟಿಬಿಟ್ಟಳು.

1942ರಲ್ಲಿ ಬ್ರಿಟಿಷರ ವಾಯುಪಡೆ ಕಟ್ಟಿದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಮುಂದೆ ಅವ್ವ ನೂರು ಸಲ ಹಾದುಹೋಗಿದ್ದಾಳೆ. ಒಳಗೆ ಕಾಲಿಟ್ಟದ್ದು ಅಂದೇ ಮೊದಲು. ತಪಾಸಣೆಯಲ್ಲಿ ಅವಳ ಎಲೆಅಡಿಕೆ ಸಂಚಿಯೊಳಗಿನ ಅಡಕತ್ತರಿ ಸಿಕ್ಕಿತು. ಹಿತ್ತಾಳೆ ಹಿಡಿಯ ಹಳೆಯ ಅಡಕತ್ತರಿ, ಅವಳ ತಾಯಿಯದು. ಹರಿತವಾದದ್ದನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಅವ್ವ ತಕರಾರು ಮಾಡದೆ ಅದನ್ನು ಟ್ರೇಯಲ್ಲಿಟ್ಟು, "ಇಟ್ಟುಕೊಳ್ಳಲಿ ಬಿಡು ತಮ್ಮಾ" ಎಂದಳು. ಅವಳ ಮುಖ ನೋಡಿ ನನಗೆ ಸಂಕಟವಾಯಿತು. ಕೌಂಟರ್ ಇನ್ನೂ ಮುಚ್ಚಿರಲಿಲ್ಲ. ಸಿಬ್ಬಂದಿಯನ್ನು ಕೇಳಿಕೊಂಡು ಹಿಂದಕ್ಕೆ ಓಡಿ, ಅದನ್ನು ಲಗೇಜಿನ ಚೀಲಕ್ಕೆ ಸೇರಿಸಿ ಬಂದೆ. ಕೇಳಿದ್ದಕ್ಕೆ ಉಳಿಯಿತು.

ಅಷ್ಟರಲ್ಲಿ ಪರದೆಯ ಮೇಲೆ ನಮ್ಮ ವಿಮಾನದ ಸಮಯ ಬದಲಾಗಿತ್ತು. ಎರಡೂವರೆ ತಾಸು ತಡ. ಹೊರಗೆ ಬಿಸಿಲು ನಿಚ್ಚಳವಾಗಿತ್ತು, ಮಳೆಯಿಲ್ಲ, ಮೋಡವಿಲ್ಲ. ಬರಬೇಕಾದ ವಿಮಾನವೇ ಹಿಂದಿನ ಊರಿನಿಂದ ಹೊರಟಿರಲಿಲ್ಲ. ಅಗ್ಗದ ದರದ ವಿಮಾನಗಳು ದಿನವಿಡೀ ಒಂದೂರಿನಿಂದ ಇನ್ನೊಂದೂರಿಗೆ ಹಾರುತ್ತಲೇ ಇರುತ್ತವೆ. ನೆಲದ ಮೇಲೆ ನಿಲ್ಲುವುದು ಅರ್ಧ ತಾಸು. ಬೆಳಿಗ್ಗೆ ಒಂದು ಕಡೆ ತಡವಾದರೆ ಆ ತಡ ಸಂಜೆಯವರೆಗೂ ಊರಿಂದೂರಿಗೆ ಸಾಗುತ್ತದೆ. ಇದು ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು ಆ ಮೌನ. ನಮ್ಮ ಸುತ್ತ ವಯಸ್ಸಾದವರು, ಹಸುಗೂಸಿನ ತಾಯಿ, ಎಲ್ಲರೂ ಬಾಯಿ ಮುಚ್ಚಿಕೊಂಡು ಕೂತಿದ್ದರು. ವಿಮಾನ ಸಂಸ್ಥೆಯವರು ಒಬ್ಬರೂ ಬಂದು ಒಂದು ಮಾತು ಹೇಳಲಿಲ್ಲ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವೊಂದಿದೆ. ಇಷ್ಟು ಕಡಿಮೆ ದೂರದ ಹಾರಾಟ ಎರಡು ತಾಸು ಅಥವಾ ಹೆಚ್ಚು ತಡವಾದರೆ ಕಾಯುವವರಿಗೆ ತಿಂಡಿ, ಪಾನೀಯ ಕೊಡಬೇಕು. ಆರು ತಾಸು ಮೀರಿದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ಹಣ ವಾಪಸು. ಕೌಂಟರಿಗೆ ಹೋಗಿ ಕೇಳಿದೆ. "ನೋಡುತ್ತೇವೆ ಸರ್" ಎಂದರು. ಮೊಬೈಲಿನಲ್ಲಿ ನಿಯಮ ತೋರಿಸಿದೆ. ಇಪ್ಪತ್ತು ನಿಮಿಷಕ್ಕೆ ರಟ್ಟಿನ ಪೆಟ್ಟಿಗೆಗಳು ಬಂದವು, ಎಲ್ಲರಿಗೂ.

ಅವ್ವ ಮುಟ್ಟಲಿಲ್ಲ. "ಜಗಳವಾಡಿ ತಂದ ಅನ್ನ" ಎಂದಳು. ಅದು ಜಗಳವಲ್ಲ, ಟಿಕೆಟ್ಟಿನ ಜೊತೆಗೇ ಬರುವ ಹಕ್ಕು ಎಂದು ನಾನು ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ. ಬುತ್ತಿ ಬಿಚ್ಚಿ ಕಡಕ್ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಪಕ್ಕದ ಬಾಣಂತಿಗೆ ಮೊದಲು ಕೊಟ್ಟಳು. ಕೊನೆಗೆ ತನ್ನ ಪೆಟ್ಟಿಗೆಯನ್ನೂ ಅವಳ ಕೈಗಿಟ್ಟಳು.

ಪಂಖದ ಸಣ್ಣ ವಿಮಾನ, ಹಿಂಬಾಗಿಲಿನಿಂದ ಹತ್ತುವಂಥದ್ದು, ಮೆಟ್ಟಿಲು ಕಡಿಮೆ. ಅವ್ವನ ಮೊಣಕಾಲಿಗೆ ಅದೇ ದೊಡ್ಡ ಉಪಕಾರ. ಮೇಲೇರಿದಂತೆ ಎರೆಹೊಲಗಳು ಕಂಬಳಿ ಹಾಸಿದಂತೆ ಕಂಡವು. ಅವ್ವ ಗಾಜಿಗೆ ಹಣೆಯೊತ್ತಿ ನೋಡುತ್ತಲೇ ಇದ್ದಳು. ತುಟಿ ಒಣಗಿತ್ತು. ನೀರು ಕುಡಿ ಎಂದರೆ, ತಿಂಡಿಯ ಗಾಡಿಯಲ್ಲಿದ್ದ ದರಪಟ್ಟಿಯತ್ತ ಕಣ್ಣು ತೋರಿಸಿ ತಲೆಯಾಡಿಸಿದಳು. ಚಹಾಕ್ಕೆ ಅಷ್ಟಿದ್ದರೆ ನೀರಿಗೆ ಎಷ್ಟೋ ಎಂಬ ಲೆಕ್ಕ! ಲೋಟದ ನೀರಿಗೆ ದುಡ್ಡಿಲ್ಲ ಅವ್ವಾ, ಕೇಳಿದರೆ ಸಾಕು ಎಂದೆ. ಗಗನಸಖಿ ಕಾಗದದ ಲೋಟ ತುಂಬಿ ಕೊಟ್ಟಳು. ಎರಡೂ ಕೈಯಲ್ಲಿ ಹಿಡಿದು ಒಂದೇ ಗುಟುಕಿಗೆ ಕುಡಿದಳು. ಎಷ್ಟು ಹೊತ್ತಿನಿಂದ ತಡೆದುಕೊಂಡಿದ್ದಳೋ!

ಬೆಂಗಳೂರಿನಲ್ಲಿ ಚೀಲ ಕೈಗೆ ಬಂದ ಕೂಡಲೇ ಅವಳು ಮೊದಲು ತೆಗೆದದ್ದು ಅಡಕತ್ತರಿ. ಸೆರಗಿನಿಂದ ಒರೆಸಿ ಸಂಚಿಗೆ ಹಾಕಿಕೊಂಡು, ಟ್ಯಾಕ್ಸಿಯಲ್ಲಿ ಬಹಳ ಹೊತ್ತು ಸುಮ್ಮನಿದ್ದಳು. ಹೆಬ್ಬಾಳ ದಾಟಿದ ಮೇಲೆ ಕೇಳಿದಳು:

"ತಮ್ಮಾ, ಮೂರು ತಿಂಗಳಿಗೆ ನಾನು ಒಬ್ಬಳೇ ಬರಬೇಕು. ಅವತ್ತೂ ತಡವಾದರೆ ಅವರನ್ನು ಏನೇನು ಕೇಳಬೇಕು, ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟು ಹೋಗು."